ಏಣಿಯಾಗುವ ಕುರ್ಚಿ

ಕುರ್ಚಿ ಮುಚ್ಚಿತ್ತು!

ಅವಲಪಲ್ಲಿಯ ಪಾಲಿಷ್ ಶೆಡ್ಡಿನ ಬೀಗ ತೆಗೆದ ಕೋಮಲಾ ಹೊಸಿಲಲ್ಲೇ ನಿಂತುಬಿಟ್ಟಳು. ಅಪ್ಪ ಒಪ್ಪಲಿಲ್ಲ... ಅವಳ ಕಣ್ಣು ತುಂಬಿ ಬಂತು.

ಅದು ಇಂಗ್ಲೆಂಡಿನ ಯಾವುದೋ ದೊರೆಯ ಹಳ್ಳಿ ಬಂಗಲೆಯಲ್ಲಿ, ಪುಸ್ತಕದ ಕೋಣೆಗೆಂದೇ ಮಾಡಿಸಿದ್ದ ಹಳೇ ಮಹಾಗನಿ ಕುರ್ಚಿ; ಪಾಲಿಷ್‌ಗೆಂದು ಶೆಡ್ಡಿಗೆ ಬಂದಿತ್ತು. ಬೆನ್ನು ಹಿಡಿದು ಮುಂದಕ್ಕೆ ಮಗುಚಿದರೆ ಏಣಿಯಾಗುತ್ತದೆ. ದೊರೆ ಅದನ್ನು ಹತ್ತಿ ಮೇಲಿನ ಪುಸ್ತಕ ತೆಗೆಯುತ್ತಿದ್ದನಂತೆ. ಅದಕ್ಕೆ ಪಾಲಿಷ್ ಹಾಕುತ್ತಿರುವಾಗಲೇ ಅವಳ ಅಪ್ಪ ಗೋಪಾಲಪ್ಪ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟಿದ್ದ.

ಆಮೇಲೆ ಶುರುವಾಯಿತು. ಸಂಜೆ ಮುಚ್ಚಿಟ್ಟು ಹೋದ ಕುರ್ಚಿ ಬೆಳಿಗ್ಗೆ ಏಣಿಯಾಗಿ ನಿಂತಿರುತ್ತಿತ್ತು. ಶೆಡ್ಡಿನ ತುಂಬ ಅಪ್ಪನ ಅರಗಿನ ಪಾಲಿಷ್ ವಾಸನೆ! ಕೆಲಸದವರು ಆ ಮೂಲೆಯ ಕಡೆ ತಲೆ ಹಾಕುತ್ತಿರಲಿಲ್ಲ. ಕೋಮಲಾಗೆ ಮಾತ್ರ ಹೆದರಿಕೆಗಿಂತ ಆಸೆಯೇ ಹೆಚ್ಚು.

'ಅಪ್ಪ ಬತ್ತಾನೆ... ನನ್ನ ಬಿಟ್ಟು ಹೋಗಿಲ್ಲ...'

ಅಪ್ಪನ ಶಿಷ್ಯ ಭೈರೇಶ್ ನಿನ್ನೆ ಮದುವೆ ಮಾತೆತ್ತಿದ್ದ. ಉತ್ತರ ಕೊಡದ ಕೋಮಲಾ, ಎಲ್ಲರೂ ಹೋದ ಮೇಲೆ ಕುರ್ಚಿಯ ಕೈ ಹಿಡಿದು ಕೇಳಿದ್ದಳು. "ಅಪ್ಪಾ, ನಿಂಗೆ ಒಪ್ಪಿಗೆ ಇದ್ರೆ ದಿನದಂಗೇ ಏಣಿ ಮಾಡಿ ತೆಗೆದಿಡು."

"ಕೋಮಲಾ..." ಹೊಸಿಲಲ್ಲಿ ನಿಂತಿದ್ದವಳ ಹಿಂದೆಯೇ ಭೈರೇಶನ ದನಿ. "ಏನಂತೀಯಾ?"

"ಆಗಲ್ಲ ಭೈರೇಶ. ಬೇರೆ ಹುಡ್ಗೀನ ನೋಡ್ಕೋ."

"ಯಾಕೆ? ನಾನಂದ್ರೆ ಇಷ್ಟ ಇಲ್ವಾ?"

"ಇಷ್ಟ ಇಲ್ಲ ಅಂತ ಯಾರಂದ್ರು!" ಅವಳು ಬಿಕ್ಕಿದಳು. "ಅಪ್ಪಂಗೆ ಇಷ್ಟ ಇಲ್ಲ. ನಿನ್ ವಿಷ್ಯ ಕೇಳ್ದೆ... ಇವತ್ತು ಕುರ್ಚಿ ತೆಗೀಲೇ ಇಲ್ಲ!"

ಭೈರೇಶನ ಮುಖ ಬಿಳಿಚಿಕೊಂಡಿತು.

"ದಿನಾ ತೆಗೀತಿದ್ದೋನು ನಾನು ಕಣೇ. ಹಿಂಬಾಗ್ಲಿಂದ ಬತ್ತಿದ್ದೆ. ವರ್ಷದ ತಿಥಿ ಆಗೋ ಗಂಟ ಮೇಸ್ತ್ರಿ ಕಡೇಗೆ ಮುಟ್ಟಿದ್ ಕೆಲ್ಸಾನ ಯಾರೂ ಮುಟ್ಬಾರ್ದು ಅಂದ್ರಲ್ಲ ನಿಮ್ಮಮ್ಮ? ಅರ್ಧಕ್ಕೆ ಬಿಟ್ರೆ ಮಂಕಾಗೋಯ್ತದೆ ಅಂತ ಕದ್ದು ಪಾಲಿಷ್ ಹಾಕ್ತಿದ್ದೆ. ಒಣಗ್ಲಿ ಅಂತ ತೆಗೆದಿಡ್ತಿದ್ದೆ."

ಕೋಮಲಾ ಅಲ್ಲೇ ನೆಲಕ್ಕೆ ಕುಸಿದಳು. ಅಪ್ಪ ಸತ್ತ ದಿನಕ್ಕಿಂತ ಈಗಲೇ ಹೆಚ್ಚು ನೋವಾಯಿತು.

"ಹಂಗಾದ್ರೆ... ಅಪ್ಪ ಒಂದಿನಾನೂ ಬಂದೇ ಇಲ್ವಾ?"

ಅವನು ಕುರ್ಚಿಯ ಕಡೆ ಕೈ ತೋರಿಸಿದ.

"ಇವತ್ತೂ ತೆಗೆಯಾಕೋದೆ ಕೋಮಲಾ. ಬರ್ಲಿಲ್ಲ. ಕೀಲು ಸರಿಯಾಗೇ ಐತೆ... ಯಾರೋ ಕುಂತಂಗೆ ಭಾರ! ಹೆದರ್ಕೊಂಡು ಆಚೆ ಬಂದ್ಬುಟ್ಟೆ."

ಕೋಮಲಾ ಮೆಲ್ಲಗೆ ತಲೆಯೆತ್ತಿದಳು. ಸೀಟಿನ ಚರ್ಮ ನಡುವೆ ತಗ್ಗಾಗಿತ್ತು. ಅವಳ ಮೈ ಜುಮ್ಮೆಂದಿತು.

"ಭೈರೇಶ... ಹೆಣ್ಣು ಕೇಳಾಕೆ ಬಂದ್ರೆ ಹೆಣ್ಣಿನಪ್ಪ ಏನ್ ಮಾಡ್ತಾನೆ?"

"ಒಪ್ಪಿಗೆ ಇಲ್ದಿದ್ರೆ ಎದ್ದೋಯ್ತಾನೆ. ಇದ್ರೆ ಕುಂತ್ಕೊಂಡು..." ಅವನ ಕಣ್ಣು ಸೀಟಿನ ತಗ್ಗಿನ ಮೇಲೆ ಬಿತ್ತು.

"ಹೋಗಿ ಕೇಳು ಮತ್ತೆ," ಎಂದಳು ಕಣ್ಣೊರೆಸಿಕೊಳ್ಳುತ್ತಾ.

ಭೈರೇಶ್ ಚಪ್ಪಲಿ ಬಿಟ್ಟು ಕುರ್ಚಿಯ ಮುಂದೆ ಕೈ ಮುಗಿದ. "ಮೇಸ್ತ್ರಿ... ನಿಮ್ ಮಗಳನ್ನ ನಂಗೆ ಕೊಡ್ತೀರಾ?"

ಕುರ್ಚಿಯ ಉತ್ತರಕ್ಕೆ ಕೋಮಲಾ ಕಾಯಲಿಲ್ಲ. ಎದ್ದು ಬಂದು ಅವನ ಮುಗಿದ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಕೊಟ್ಟಾಯ್ತು ಕಣೋ..."