ಜೇನಿಗೆ ಮೊದಲೇ ಗೊತ್ತಿತ್ತು

ಆಂಬ್ರೋಸ್ ಕೆಟಲ್ ಹಾಸಿಗೆಯಲ್ಲೇ ಸತ್ತಿದ್ದ. ಮಂಗಳವಾರ ಬೆಳಗಾದ ಮೇಲೆ ಹಾಲಿಗೆಂದು ಹೋದ ನೆರೆಯವಳು ಕಿಟಕಿಯಿಂದ ನೋಡಿ ಊರನ್ನೆಲ್ಲ ಕರೆದಳು. ಮೈಮೇಲೆ ಗಾಯವಿಲ್ಲ. ಬಾಯಿ ಮಾತ್ರ ತೆರೆದಿತ್ತು, ಏನೋ ಹೇಳಲು ಹೊರಟು ಅರ್ಧಕ್ಕೆ ನಿಂತಂತೆ.

ಹಿಂದಿನ ದಿನ ಮುದುಕಿ ಏವಿಸ್ ಅವನ ಬಾಗಿಲಲ್ಲಿ ಮಜ್ಜಿಗೆ ಬೇಡಿದ್ದಳು. ಅವನು ಕೊಡಲಿಲ್ಲ. "ನಿನ್ನ ಉಸಿರು ಕಟ್ಟಿಹೋಗ್ಲಿ" ಎಂದು ಅವಳು ಗೊಣಗಿದ್ದನ್ನು ಇಬ್ಬರು ಕೇಳಿದ್ದರು. ಅವಳನ್ನು ಮಾಟಗಾತಿ ಎನ್ನಲು ಮಾರ್ಶ್‌ವಿಕ್ ಊರಿಗೆ ಅಷ್ಟೇ ಸಾಕಾಯಿತು. 1645ರ ಆ ಬೇಸಿಗೆಯಲ್ಲಿ ಎಸೆಕ್ಸ್‌ನ ಯಾವ ಊರಿಗೂ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

*

ಶುಕ್ರವಾರ ಸೂಲಗಿತ್ತಿ ಥಾಮಸಿನ್‌ಗೆ ಕರೆ ಬಂತು. ಹೆರಿಗೆಗಲ್ಲ, ಏವಿಸಳ ಮೈಮೇಲೆ ಸೈತಾನನ ಗುರುತು ಹುಡುಕಲು.

ಕಾನ್‌ಸ್ಟೇಬಲ್ ಹಂಫ್ರಿಯ ಕೊಟ್ಟಿಗೆಯಲ್ಲಿ ಮುದುಕಿ ಮುಕ್ಕಾಲಿಯ ಮೇಲೆ ಕೂತು ತೂರಾಡುತ್ತಿದ್ದಳು. ಮೂರು ದಿನದಿಂದ ನಿದ್ದೆಗೆ ಬಿಟ್ಟಿರಲಿಲ್ಲ. ರೆಪ್ಪೆ ಮುಚ್ಚಿದರೆ ಎಬ್ಬಿಸಿ ನಡೆಸುತ್ತಿದ್ದರು.

"ಒಪ್ಕೊಂಡಿದಾಳೆ," ಎಂದ ಹಂಫ್ರಿ. "ಬೆಕ್ಕನ್ನ ಕಳಿಸಿ ಅವನ ಎದೆ ಮೇಲೆ ಕೂರಿಸಿದ್ಲಂತೆ. ಮಧ್ಯಾಹ್ನ ಸೆರೆಮನೆಗೆ ಗಾಡಿ ಹೊರಡತ್ತೆ. ಗುರುತೊಂದು ಸಿಕ್ರೆ ನೇಣು ಖಾತ್ರಿ."

"ಗುರುತಿಲ್ಲದ ಮೈ ಯಾವುದಪ್ಪಾ? ನಿನ್ನ ಬೆನ್ನಲ್ಲೇ ಗೋಧಿ ಕಾಳಷ್ಟು ಮಚ್ಚೆ ಇದೆ. ನೀನು ಹುಟ್ಟಿದಾಗ ನಾನೇ ನೋಡಿದೀನಿ."

ಹಂಫ್ರಿ ಕೆಮ್ಮಿದ.

"ಹೆಣ ತೊಳೆದವಳೂ ನಾನೇ. ಹಲ್ಲಿನ ಸಂದೀಲಿ ದಿಂಬಿನ ಉಣ್ಣೆ ಎಳೆ ಸಿಕ್ತು ಅಂತ ಅವತ್ತೇ ಹೇಳಿದೆ. ಮಾಟಕ್ಕೆ ದಿಂಬು ಯಾಕಯ್ಯಾ ಬೇಕು?"

"ಮತ್ಯಾರು ಕೊಂದ್ರು, ನೀನೇ ಹೇಳವ್ವ. ಸತ್ತವನ ತಮ್ಮ ಬಾರ್ನಬಿ ಪಟ್ಟಣದಲ್ಲಿದ್ದ. ಸುದ್ದಿ ಮುಟ್ಟಿ ಬಂದಾಗ ಮಧ್ಯಾಹ್ನ."

"ಬಾ ನನ್ನ ಜೊತೆ. ಗಾಡಿಗೆ ಇನ್ನೂ ಹೊತ್ತಿದೆ."

*

ಕೆಟಲ್ ಮನೆಯ ಹಿತ್ತಲಲ್ಲಿ ಹುಲ್ಲು ಹೆಣೆದ ಆರು ಜೇನುಗೂಡುಗಳಿದ್ದವು. ಒಂದೊಂದಕ್ಕೂ ಕಪ್ಪು ಬಟ್ಟೆ ಕಟ್ಟಿತ್ತು. ಯಜಮಾನ ಸತ್ತರೆ ಜೇನಿಗೆ ತಿಳಿಸಲೇಬೇಕು. ಹೊಸ ಯಜಮಾನನೇ ಬಾಗಿ, ಗೂಡು ತಟ್ಟಿ, ಮೆಲ್ಲಗೆ ಹೇಳಿ, ಕಪ್ಪು ಬಟ್ಟೆ ಕಟ್ಟಬೇಕು. ಇಲ್ಲದಿದ್ದರೆ ಅವು ಮುನಿಸಿಕೊಂಡು ಹಾರಿಹೋಗುತ್ತವೆ, ಹಿಂದೆಯೇ ಮನೆಯೂ ಹಾಳಾಗುತ್ತದೆ. ಇದನ್ನು ಮೀರಿದವರು ಆ ಕಡೆ ಯಾರೂ ಇರಲಿಲ್ಲ.

ಥಾಮಸಿನ್ ಗೂಡಿನ ಮೇಲೆ ಬೆರಳಾಡಿಸಿದಳು. ಬಟ್ಟೆಯ ಅಂಚಿನಿಂದ ಬುಡದವರೆಗೆ, ಹೊಂಬಣ್ಣದ ಹುಲ್ಲಿನ ಮೇಲೆ ಕಪ್ಪು ಗೆರೆಗಳು ಇಳಿದು ಒಣಗಿದ್ದವು. ಬಟ್ಟೆ ಬಣ್ಣ ಬಿಟ್ಟಿತ್ತು.

ಬಾರ್ನಬಿ ಹೊರಬಂದ. "ಏನವ್ವ, ಗೂಡಲ್ಲೂ ಹೆರಿಗೆ ಮಾಡಿಸ್ತೀಯಾ?"

"ಇವಕ್ಕೆ ಸುದ್ದಿ ಹೇಳಿದ್ದು ನೀನೇ ತಾನೆ?"

"ಇನ್ಯಾರು? ಮಂಗಳವಾರ ಮಧ್ಯಾಹ್ನ ಬಂದವನೇ ಮೊದಲು ಅದನ್ನೇ ಮಾಡಿದೆ. ಬೇರೆಯವರು ಹೇಳಿದ್ರೆ ಅವು ಕೇಳ್ತಾವಾ?"

"ಬಟ್ಟೆ ಕಟ್ಟಿದ್ದೂ ನೀನೇ?"

"ನಾನೇ."

ಅವಳು ತಿರುಗಿದಳು. "ಕೊನೇ ಮಳೆ ಯಾವಾಗ ಬಂತು ಹಂಫ್ರಿ?"

"ಸೋಮವಾರ ರಾತ್ರಿ. ಬೆಳಗಾಗೋ ಮುಂಚೆ ನಿಂತೋಯ್ತು. ಆಮೇಲೆ ಒಂದು ಹನಿ ಇಲ್ಲ, ನನ್ನ ಬಟಾಣಿ ಬಳ್ಳಿ ಒಣಗ್ತಿದೆ."

"ಹಾಗಾದ್ರೆ ಈ ಬಟ್ಟೆ ಯಾವ ಮಳೇಲಿ ನೆನೀತು?"

ಹಂಫ್ರಿ ಬಗ್ಗಿ ನೋಡಿದ.

"ಇಬ್ಬನಿ," ಎಂದ ಬಾರ್ನಬಿ.

"ಇಬ್ಬನಿ ಬುಡದವರೆಗೂ ಹರಿಯಲ್ಲ ಮಗಾ. ಸುಗ್ಗಿ ಮುಗಿದ ಮೇಲೆ ನಿಮ್ಮಣ್ಣ ಮದುವೆ ಆಗೋನಿದ್ದ. ಅವನಿಗೊಂದು ಕೂಸು ಹುಟ್ಟಿದ್ರೆ ನಿನಗೆ ಈ ಮನೆಯಿಲ್ಲ. ಮಳೇಲೇ ಬಂದು ದಿಂಬು ಒತ್ತಿದೆ. ಹಾಗೇ ಹೋಗಿಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಇವಕ್ಕೆ ಹೇಳದೆ ಹೋಗೋ ಧೈರ್ಯ ನಿನಗಿರಲಿಲ್ಲ. ಬೆಳಿಗ್ಗೆ ಹಿತ್ತಲಿಗೆ ಯಾರೂ ಬಂದು ಈ ಬಟ್ಟೆ ನೋಡಲಿಲ್ಲ, ಎಲ್ರೂ ಏವಿಸಳ ಬೆಕ್ಕಿನ ಹಿಂದೆ ಓಡ್ತಿದ್ರು. ಊರಿಗಿಂತ ಮೊದಲು ಜೇನಿಗೆ ಗೊತ್ತಿತ್ತು."

ಬಾರ್ನಬಿ ಗೂಡುಗಳನ್ನೇ ನೋಡುತ್ತಿದ್ದ. "ಹೇಳದಿದ್ರೆ ಹಾರಿಹೋಗ್ತಿದ್ವು," ಎಂದ.

*

ಗಾಡಿಯಲ್ಲಿ ಕೂರಿಸಿದ್ದ ಏವಿಸಳ ಕೈಯ ಹಗ್ಗವನ್ನು ಹಂಫ್ರಿಯೇ ಕತ್ತರಿಸಿದ. "ಇಳಿ ಅಜ್ಜಿ. ನೀನು ಕೊಂದಿಲ್ಲ."

"ಕೊಂದೆ ಕಣಪ್ಪ. ಬೆಕ್ಕು ಕೂತಿದ್ದನ್ನ ನಾನೇ ಕಣ್ಣಾರೆ ನೋಡ್ದೆ. ಎಲ್ಲ ಹೇಳಿದೀನಲ್ಲ, ಇನ್ನಾದ್ರೂ ಮಲಗ್ಲಾ?"

ಥಾಮಸಿನ್ ಗಾಡಿ ಹತ್ತಿ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಮುದುಕಿ ಸಹಿಯ ಬದಲು ಗೀಟು ಹಾಕಿ ತಪ್ಪೊಪ್ಪಿಕೊಂಡ ಕಾಗದ ಹಂಫ್ರಿಯ ಕೈಯಲ್ಲೇ ಇತ್ತು. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಎರಡೂ ಕೈಯಲ್ಲಿ ಹಿಡಿದು ಹರಿಯಹೊರಟ.

"ಸದ್ದಿಲ್ಲದೆ ಹರಿ," ಎಂದಳು ಥಾಮಸಿನ್. "ಈಗಷ್ಟೇ ನಿದ್ದೆ ಹತ್ತಿದೆ."