ನಕ್ಷೆಯಲ್ಲಿಲ್ಲದ ಊರಿನ ಮಾತು

ಆ ಮುದುಕ ಕಣ್ಣು ಮುಚ್ಚಿಕೊಂಡು, ತನ್ನ ತಾಯಿ ಕಾಸುತ್ತಿದ್ದ ಅಂಬಲಿಯ ಬಗ್ಗೆ ಹೇಳುತ್ತಿದ್ದ. ಎದುರಿನ ಗೋಡೆಯ ಮೇಲಿದ್ದ ದೊಡ್ಡ ಭೂಪಟದಲ್ಲಿ ಬೆಳಕಿನ ಮಂಜೊಂದು ಹರಡಿಕೊಂಡಿತ್ತು. ಅವನು ಮಾತಾಡಿದಂತೆಲ್ಲ ಮಂಜು ಒಂದು ಕಡೆಯಿಂದ ಸರಿದು ಇನ್ನೊಂದು ಕಡೆ ದಟ್ಟವಾಗುತ್ತ ಬಂತು. ಕೊನೆಗೆ ಒಂದು ಹೊಳೆಯ ತಿರುವಿನ ಬಳಿ, ಸಾಸಿವೆಕಾಳಿನಷ್ಟು ಚಿಕ್ಕದಾಗಿ, ನಿಂತುಬಿಟ್ಟಿತು.

"ಅಜ್ಜ, ಇದೇ ನಿಮ್ಮ ಊರು" ಎಂದಳು ಡಾ. ತಾರಿಣಿ ಗಾಂವಕರ.

ಏಳನೆಯ ವಯಸ್ಸಿನಲ್ಲಿ ಯಾರೋ ಕೈಹಿಡಿದು ರೈಲು ಹತ್ತಿಸಿದ ಮೇಲೆ ಆ ಮುದುಕ ತನ್ನ ಊರು ಎಲ್ಲಿದೆಯೆಂದು ತಿಳಿದದ್ದು ಅದೇ ಮೊದಲು. ಅವನು ಎದ್ದುಹೋಗಿ ಗೋಡೆಯ ಮೇಲಿನ ಬೆಳಕನ್ನು ಬೆರಳಿನಿಂದ ಮುಟ್ಟಿದ.

ಆ ಯಂತ್ರಕ್ಕೆ ತಾರಿಣಿ 'ನುಡಿಬೇರು' ಎಂದು ಹೆಸರಿಟ್ಟಿದ್ದಳು. ಮನುಷ್ಯ ಊರನ್ನು ಮರೆಯಬಹುದು, ಹೆತ್ತವರ ಮುಖವನ್ನೂ ಮರೆಯಬಹುದು. ಆದರೆ ಹಸಿವನ್ನು, ಚಳಿಯನ್ನು, ಬೆಳದಿಂಗಳನ್ನು ಹೇಳುವಾಗ ಅವನ ನಾಲಿಗೆ ಬೆಳೆದ ನೆಲದ ಕಡೆಗೇ ಹೊರಳುತ್ತದೆ. ಆ ಹೊರಳುವಿಕೆಯನ್ನು ಯಂತ್ರ ಅಳೆಯುತ್ತಿತ್ತು. ಮಾತಿನ ನಡುವೆ ಸುಳಿಯುವ ಗಾಳಿ, ಬಿಸಿಲು, ಹಕ್ಕಿ, ಗುಡ್ಡಗಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತಿತ್ತು. ಕೂಲಿಯ ಆಸೆ ತೋರಿಸಿ ಜನರನ್ನು ದೂರದೂರಕ್ಕೆ ಸಾಗಿಸುವ ಜಾಲಗಳು ಬೆಳೆದಿದ್ದ ಕಾಲ ಅದು. ಹಾಗೆ ಸಾಗಿಸಲ್ಪಟ್ಟವರನ್ನು ಮನೆ ಸೇರಿಸಬೇಕೆಂಬುದು ತಾರಿಣಿಯ ಕನಸಾಗಿತ್ತು. ಅದಕ್ಕಾಗಿಯೇ ಕಾರವಾರದ ಸಮುದ್ರದಂಡೆಯಲ್ಲಿ ಅವಳು ತನ್ನ ಕೇಂದ್ರವನ್ನು ತೆರೆದಿದ್ದಳು.

ಒಂದು ಬೆಳಗ್ಗೆ ಮೀನುಗಾರರು ಒಬ್ಬ ಹುಡುಗಿಯನ್ನು ಅಲ್ಲಿಗೆ ಕರೆತಂದರು. ಖಾಲಿ ಡ್ರಮ್ಮೊಂದನ್ನು ತಬ್ಬಿಕೊಂಡು ಅವಳು ನಡುಗಡಲಿನಲ್ಲಿ ತೇಲುತ್ತಿದ್ದಳಂತೆ. ಇಪ್ಪತ್ತರ ಆಸುಪಾಸಿನ ವಯಸ್ಸು. ಬೆರಳುಗಳು ಉಪ್ಪುನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡಿದ್ದವು.

"ನಿನ್ನ ಹೆಸರೇನು ತಂಗಿ?"

"ಹವಳಿ. ಸಾಬವ್ವ ಇಟ್ಟಾಳ್ರಿ."

"ಸಾಬವ್ವ ನಿನ್ನ ತಾಯಿಯಾ?"

"ಅಲ್ರಿ. ನನ್ನ ಅವ್ವಾಮಾ ಯಾರೋ ಗೊತ್ತಿಲ್ಲ. ಸಣ್ಣಾಕಿ ಇದ್ದಾಗ ಯಾರೋ ತಂದು ಬಿಟ್ಟಿದ್ರಂತ. ಅಳಕೋತ ಕುಂತಾಗ ಸಾಬವ್ವ ಎತ್ಕೊಂಡ್ಳು."

'ಅವ್ವಾಮಾ' ಎಂಬ ಮಾತನ್ನು ತಾರಿಣಿ ಎಂದೂ ಕೇಳಿರಲಿಲ್ಲ. ಅವಳು ಯಂತ್ರವನ್ನು ಚಾಲೂ ಮಾಡಿದಳು.

"ರಾತ್ರಿ ಚೆನ್ನಾಗಿ ಮಲಗಿದೆಯಾ?"

"ಇಲ್ರಿ. ನಮ್ಮಲ್ಲಿ ನಿದ್‌ಘುಮ ಬರೂಮುಂದ ನೆಲ ತೂಗತೈತಿ. ಇಲ್ಲಿ ನೆಲ ಸುಮ್ಮ ಬಿದ್ದೈತಿ. ಹೆಂಗ ನಿದ್ದಿ ಬರಬೇಕು?"

"ನಿಮ್ಮಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆ?"

"ಎರಡು ತಲಿ ಗುಡ್ಡದ ಮ್ಯಾಲ. ಥಂಡಿ ದಿನದಾಗ ಬಲಗಡಿ ತಲಿ, ಬ್ಯಾಸಿಗ್ಯಾಗ ಎಡಗಡಿ ತಲಿ."

ಗೋಡೆಯ ಮೇಲೆ ಮಂಜು ಎದ್ದಿತು. ಸುರಪುರದ ಕಡೆ ಸ್ವಲ್ಪ ಹೊತ್ತು ಸುತ್ತಾಡಿ, ಒಡಿಶಾಕ್ಕೆ ಹೋಗಿ, ಬಂಗಾಳದ ಅಂಚನ್ನು ಸವರಿ, ತೆಲುಗು ನೆಲವನ್ನು ಹಾದು, ದಾರಿ ತಪ್ಪಿದ ಮೋಡದಂತೆ ಅದು ಪಶ್ಚಿಮಕ್ಕೆ ಬಂತು. ಕರಾವಳಿಯನ್ನೂ ದಾಟಿತು. ಬರೀ ನೀಲಿಯಿದ್ದಲ್ಲಿ, ಸಮುದ್ರದ ನಡುವೆ, ಚಿಕ್ಕದಾಗಿ ನಿಂತು ಹೊಳೆಯತೊಡಗಿತು.

ಯಂತ್ರ ಕೆಟ್ಟಿರಬೇಕೆಂದು ತಾರಿಣಿ ಅದನ್ನು ಆರಿಸಲು ಹೋದಳು. ಹವಳಿ ಅವಳ ಕೈ ಹಿಡಿದುಕೊಂಡಳು.

"ಅದಽ ರೀ ನಮ್ಮೂರು."

ನಿಧಾನವಾಗಿ ಎಲ್ಲ ತಿಳಿಯಿತು. ಅದೊಂದು ತೇಲುತೋಟ; ಎರಡು ತಲೆಯ ಗುಡ್ಡ ಅಲ್ಲಿಂದ ಪೂರ್ವಕ್ಕೆ ಕಾಣುವ ಕರಾವಳಿಯದು. ಔಷಧಿಗೂ ಆಹಾರಕ್ಕೂ ಬೇಕಾದ ಕಡಲಪಾಚಿಯನ್ನು ಅಲ್ಲಿ ಬೆಳೆಯುತ್ತಿದ್ದರು. ಗೋವಾದ ಹೋಟೆಲಿನಲ್ಲಿ ಅಡುಗೆ ಕೆಲಸವಿದೆ ಎಂದು ನಂಬಿಸಿ ಸಾಬವ್ವನನ್ನು ಅಲ್ಲಿಗೆ ತಂದಿದ್ದರು. ಬೇರೆಯವರನ್ನು ಹೊಲಿಗೆಗೆ, ಕಟ್ಟಡದ ಕೆಲಸಕ್ಕೆ ಎಂದು. ದೋಣಿ ಹತ್ತುವಾಗಲೇ ಫೋನು, ಗುರುತಿನ ಚೀಟಿ ಎಲ್ಲವನ್ನೂ ಕಿತ್ತುಕೊಂಡಿದ್ದರು. ಬೆಳಗಿನಿಂದ ಸಂಜೆಯವರೆಗೆ ಮುಳುಗಿದ ಹಲಗೆಗಳ ಮೇಲೆ ಸೊಂಟದುದ್ದ ನೀರಿನಲ್ಲಿ ನಿಂತು ಪಾಚಿ ಕೊಯ್ಯಬೇಕಿತ್ತು. ಕಳೆದ ವಾರ ಸಾಬವ್ವನಿಗೆ ಜ್ವರ ಏರಿತ್ತು. ಮೇಸ್ತ್ರಿಗಳು ಔಷಧಿ ಕೊಡಲಿಲ್ಲ. ಹವಳಿ ನೀರಿಗೆ ಹಾರಿದ್ದು ಅದಕ್ಕೇ.

"ಗಾಳಿ ತಿರುಗಿದ್ರ ಊರು ಎಳ್ಕೊಂಡು ಹೋಗ್ತಾರ್ರಿ" ಎಂದಳು ಅವಳು. "ಮಳಿಗಾಲಕ್ಕ ಎಲ್ಲಿ ಒಯ್ತಾರೋ ನಮಗೂ ಗೊತ್ತಾಗಂಗಿಲ್ಲ."

ಕಿಟಕಿಯಾಚೆ ಮುಂಗಾರಿನ ಮೊದಲ ಮೋಡಗಳು ಆಗಲೇ ಕಾಣುತ್ತಿದ್ದವು.

ಕಾವಲು ಹಡಗಿನ ಅಧಿಕಾರಿ ನಾರ್ವೇಕರ್ ಸುಲಭಕ್ಕೆ ಒಪ್ಪಲಿಲ್ಲ. "ಉಪಗ್ರಹದ ಚಿತ್ರದಲ್ಲಿ ಅಲ್ಲಿ ಬರೀ ನೀರು ಕಾಣ್ತದೆ ಡಾಕ್ಟ್ರೇ. ನಿಮ್ಮ ಯಂತ್ರ ಹೇಳ್ತು ಅಂತ ಹಡಗು ಬಿಡ್ಲಿಕ್ಕೆ ಆಗ್ತದಾ?"

"ಮೇಲೆಲ್ಲ ಪಾಚಿಯ ಬಲೆ ಹೊದಿಸಿದ್ದಾರೆ. ಅದಕ್ಕೇ ನೀರಿನಂತೆ ಕಾಣುತ್ತದೆ" ಎಂದಳು ತಾರಿಣಿ. "ಯಂತ್ರವನ್ನು ಬಿಡಿ, ಈ ಹುಡುಗಿಯ ಮಾತು ಕೇಳಿ. ಹಲವು ಸೀಮೆಗಳ ನುಡಿ ಬೆರೆತ ಇಂಥ ಮಾತನ್ನು ಒಬ್ಬರೇ ಕೂತು ಕಟ್ಟಲು ಯಾರಿಗೂ ಸಾಧ್ಯವಿಲ್ಲ. ಮಾತು ಇದೆ ಅಂದರೆ ಆಡುವ ಜನ ಇರಲೇಬೇಕು."

ನಾರ್ವೇಕರ್ ಹವಳಿಯ ಕಡೆ ನೋಡಿದರು. ಅವಳು ತನ್ನಷ್ಟಕ್ಕೆ ಏನನ್ನೋ ಗುನುಗಿಕೊಳ್ಳುತ್ತಿದ್ದಳು. ಅದರಲ್ಲಿ ಅವರ ಕೊಂಕಣಿಯ ಒಂದು ಪದವೂ ಇತ್ತು. ಅವರು ಟೋಪಿ ಹಾಕಿಕೊಂಡು ಎದ್ದರು.

ಸಮುದ್ರ ಹಾಲಿನಂತೆ ಬೆಳ್ಳಗಿದ್ದ ಮುಂಜಾವಿನಲ್ಲಿ ಹಡಗು ಅಲ್ಲಿಗೆ ತಲುಪಿತು. ದೂರದಿಂದ ಅದು ಕಡಲ ಮೇಲೆ ಬೆಳೆದ ಹುಲ್ಲುಗಾವಲಿನಂತೆ ಕಂಡಿತು. ಬಲೆ ಸರಿಸಿದಾಗ ತಗಡಿನ ಗೂಡುಗಳು, ಹಗ್ಗದ ಮೇಲೆ ಒಣಗುವ ಸೀರೆಗಳು, ನೂರಾರು ಮುಖಗಳು. ಮೇಸ್ತ್ರಿಗಳು ವೇಗದ ದೋಣಿ ಹತ್ತಿ ಪರಾರಿಯಾಗಿದ್ದರು. ಕೆಳಗಿನ ಗೂಡೊಂದರಲ್ಲಿ ಮಲಗಿದ್ದ ಸಾಬವ್ವ ಕಣ್ಣು ತೆರೆದು, "ಹವಳಿ, ನೀ ಮುಳುಗಿಲ್ಲೇನ?" ಎಂದಳು. ಹವಳಿ ತಾನು ತಂದ ಜ್ವರದ ಗುಳಿಗೆಯನ್ನು ಅವಳ ಬಾಯಿಗಿಟ್ಟಳು. ದಂಡೆಗೆ ಬಂದ ರಾತ್ರಿ ಅವಳು ಸಾಬವ್ವನ ತೊಡೆಯ ಮೇಲೆ ತಲೆಯಿಟ್ಟಳು. ಸಾಬವ್ವ ತೊಡೆ ತೂಗುತ್ತಲೇ ಇದ್ದಳು. ಹುಡುಗಿ ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು.

ಆಮೇಲೆ ತಾರಿಣಿಗೆ ಒಂದು ಸಂಗತಿ ಹೊಳೆಯಿತು. ತೋಟದ ಮಾಲೀಕರು ಬೇಕೆಂದೇ ಒಂದೊಂದು ಸೀಮೆಯಿಂದ ಒಬ್ಬಿಬ್ಬರನ್ನು ಮಾತ್ರ ತರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೆ ಯಾರೂ ಒಟ್ಟಾಗಿ ತಲೆಯೆತ್ತಲಾರರು ಎಂಬುದು ಅವರ ಎಣಿಕೆ. ಆದರೆ ಪಕ್ಕದವಳಿಗೆ ಕಾಲು ಸೆಳೆತ ಬಂದಾಗ, ಮಗು ಅತ್ತಾಗ, ಜನ ಎಷ್ಟು ದಿನ ಸುಮ್ಮನಿದ್ದಾರು? ಯಾರೋ ಒಂದು ಪದ ಕೊಟ್ಟರು, ಇನ್ಯಾರೋ ಅದಕ್ಕೆ ತಮ್ಮದೊಂದನ್ನು ಅಂಟಿಸಿದರು. ವರ್ಷಗಳು ಉರುಳುತ್ತ ಅದೇ ಅವರ ಭಾಷೆಯಾಯಿತು.

ಎಲ್ಲರನ್ನೂ ಅವರವರ ಊರಿಗೆ ಕಳಿಸಬೇಕೆಂದು ಸರ್ಕಾರ ತೀರ್ಮಾನಿಸಿತು. ತಾರಿಣಿ ಊರು ಮರೆತವರನ್ನು ಒಬ್ಬೊಬ್ಬರಾಗಿ ಯಂತ್ರದ ಮುಂದೆ ಕೂರಿಸಿದಳು. ಯಾರನ್ನು ಕೂರಿಸಿದರೂ ಮಂಜು ನೆಲದ ಮೇಲೆ ನಿಲ್ಲಲೊಲ್ಲದು. ತೇಲುತ್ತ ಹೋಗಿ ಆ ನೀಲಿಯಲ್ಲೇ ನಿಲ್ಲುತ್ತಿತ್ತು. ತನ್ನ ಜೀವಮಾನದ ಯಂತ್ರ ಹೀಗೆ ಸೋತದ್ದನ್ನು ನೋಡಿ ತಾರಿಣಿ ಅದನ್ನು ಆರಿಸಿಬಿಟ್ಟಳು.

ಬೆಳೆದು ದೊಡ್ಡವಳಾದ ಮೇಲೆ ತೋಟಕ್ಕೆ ಹೋಗಿದ್ದ ಸಾಬವ್ವನಿಗೆ ಊರು ನೆನಪಿತ್ತು. ಸುರಪುರದ ಹತ್ತಿರದ ಹಳ್ಳಿ. "ನಾ ಹೋಗಿ ನೋಡ್ಕೊಂಡ್ ಬರ್ತೀನಿ, ನೀ ಇಲ್ಲೇ ಇರು" ಎಂದು ಹವಳಿಗೆ ಹೇಳಿ ಬಸ್ಸು ಹತ್ತಿದಳು.

ಕೆಲವು ದಿನಗಳ ನಂತರ ಅವಳ ಫೋನು ಬಂತು.

"ಡಾಕ್ಟ್ರವ್ವಾ, ತಂಗಿ ಸಿಕ್ಕಳ್ರಿ. ತಬ್ಬಿಕೊಂಡು ಅತ್ಲು. ಆದ್ರ ನನ್ನ ಮಾತು ಕೇಳಿ, ಅಕ್ಕಾ ನೀ ಯಾವ ಸೀಮಿ ಮಾತಾಡಾಕತ್ತಿ ಅಂತಾಳ." ಸಾಬವ್ವ ನಕ್ಕಳು. ಮತ್ತೆ ದನಿ ತಗ್ಗಿಸಿದಳು. "ನಾ ಫೋನು ಮಾಡಿದ್ದು ಬ್ಯಾರೇದಕ್ಕ. ನಿನ್ನೆ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ದೆ. ಹಿಂದ ಒಬ್ಬಾಂವ ಇಬ್ಬರು ಹುಡುಗ್ಯಾರಿಗೆ ಹೇಳಾಕತ್ತಿದ್ದ, 'ಬರ್ರಿ, ಭಾತುಂಬು ಮಾಡಿ ಬಸ್ಸು ಹತ್ತೂಣು' ಅಂತ."

"ಭಾತುಂಬು ಅಂದರೆ?"

"ಊಟ ರೀ. ನಮ್ಮ ತೋಟದ ಮಾತು. ಭೂಮಿ ಮ್ಯಾಲ ಎಲ್ಲೂ ಇಲ್ಲ. ಅವ ಮೇಸ್ತ್ರಿ! ತೋಟದಾಗ ಯಾವಾಗ್ಲೂ ಮುಖಕ್ಕ ಕರಿ ಗಾಜಿನ ಟೋಪಿ ಹಾಕ್ಕೊಂಡಿರ್ತಿದ್ದ, ಮುಖ ನೋಡಿದ್ರ ಗೊತ್ತಾಗ್ತಿರಲಿಲ್ಲ. ನಮ್ಮ ಮಾತು ಅವನ ಬಾಯಾಗ ಹೊಕ್ಕಿದ್ದು ಅವನಿಗೇ ತಿಳಿದಿಲ್ಲ. ನಾ ಚೀರಿದೆ ನೋಡ್ರಿ, ಇಡೀ ಬಸ್‌ಸ್ಟ್ಯಾಂಡ್ ಕೂಡಿತು. ಪೊಲೀಸ್ರು ಒಯ್ದಾರ. ಹುಡುಗ್ಯಾರು ಮನಿಗೆ ಹ್ವಾದ್ರು."

ತಾರಿಣಿ ಕೇಂದ್ರದಲ್ಲಿದ್ದ ತೋಟದವರನ್ನೆಲ್ಲ ಕರೆದು ಆ ಮಾತು ಹೇಳಿದಳು.

ಆ ಸುದ್ದಿ ತೋಟದ ಜನರಲ್ಲಿ ಹರಡಿತು. ಅವರು ತಾವಾಗಿಯೇ ಹಂಚಿಹೋದರು: ಒಬ್ಬಳು ವಿಜಯವಾಡದ ಪ್ಲಾಟ್‌ಫಾರ್ಮಿನಲ್ಲಿ ಹೂವು ಮಾರತೊಡಗಿದಳು, ಒಬ್ಬ ಒಡಿಶಾದ ಕಟಕದ ನಿಲ್ದಾಣದ ಹತ್ತಿರ ಚಹಾದಂಗಡಿ ಹಾಕಿದ. ಕಿವಿ ಮಾತ್ರ ಎಲ್ಲರದೂ ಜನಸಂದಣಿಯ ಕಡೆಗೇ, ತೋಟದ ಪದವೊಂದು ಬಿದ್ದೀತೇ ಎಂದು. ತಪ್ಪಿಸಿಕೊಂಡಿದ್ದ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಸಿಕ್ಕಿಬೀಳತೊಡಗಿದರು.

ಹವಳಿ ಸುರಪುರಕ್ಕೆ ಹೊರಟಳು.

"ಮಂದಿ ಕೆಲಸಕ್ಕ ಹೋಗೂದು ತಪ್ಪಲ್ಲ ಮಗಳ" ಎಂದು ಅಲ್ಲಿ ಸಾಬವ್ವ ಅವಳಿಗೆ ಹೇಳಿಕೊಟ್ಟಳು. "ಯಾರನ್ನೂ ಹೆದರಿಸಬ್ಯಾಡ. ಯಾರ ಜೋಡಿ ಹೊಂಟೀರಿ ಅಂತ ಅಷ್ಟಽ ಕೇಳು."

ಮಳೆ ನಿಂತ ಒಂದು ಸಂಜೆ. ಬಸ್‌ಸ್ಟ್ಯಾಂಡಿನ ಮೇಲೆಲ್ಲ ಕೇಸರಿ ಬಿಸಿಲು ಬಿದ್ದಿತ್ತು. ಹೊಸ ಚೀಲವನ್ನು ಎದೆಗವಚಿಕೊಂಡ ಹುಡುಗಿಯೊಬ್ಬಳು ಬಂದು ಹವಳಿಯ ಬೆಂಚಿನ ಪಕ್ಕ ನಿಂತಳು.

"ಎಲ್ಲಿಗೆ ಹೊಂಟಿ ತಂಗಿ?"

"ಗೋವಾಕ್ಕ. ಹೋಟೆಲಿನ್ಯಾಗ ಕೆಲಸ ಐತಿ."

"ಯಾರ ಜೋಡಿ?"

"ಒಬ್ಬಾಂವ ಬರ್ತೀನಿ ಅಂದಾನ. ನಾ ಇನ್ನೂ ನೋಡಿಲ್ಲ. ಫೋನಿನ್ಯಾಗ ಮಾತಾಡ್ಯಾನ."

ಹವಳಿ ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು.

"ಕುಂದರು" ಎಂದಳು. "ಅವ ಬರೂತನಕ ನಾನೂ ಕುಂದರ್ತೀನಿ."