ಗುಬ್ಬಿಯ ಕೌದಿ

"ಆ ಟ್ರಂಕಿನಲ್ಲಿರೋದನ್ನೆಲ್ಲ ಹೊಲಿ, ಬೇಡ ಅನ್ನಲ್ಲ. ತಳದಲ್ಲಿರೋ ಕೌದಿ ಮಾತ್ರ ಮುಟ್ಟಬೇಡ. ಮುಟ್ಟಿದ್ರೂ ಅದರ ಸೂಜಿಗೆ ದಾರ ಹಾಕಬೇಡ. ಹಾಕಿದ್ರೂ, ದಾರಾನ ಬಾಯಲ್ಲಿ ಒದ್ದೆ ಮಾಡಬೇಡ ತಾಯಿ," ಎಂದರು ಅತ್ತೆ.

ಸೊಸೆಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಹನ್ನೆರಡು ವರ್ಷ ಗಾರ್ಮೆಂಟ್ಸಲ್ಲಿ ದುಡಿದವಳು ನಾನು. ನಾನು ನೆಕ್ಕಿರೋ ದಾರಾನೆಲ್ಲ ಜೋಡಿಸಿದ್ರೆ ಈ ಊರಿಗೆ ಮೂರು ಸುತ್ತು ಬರುತ್ತೆ. ಮಾಟ ತಟ್ಟೋದಿದ್ರೆ ಆವಾಗ್ಲೇ ತಟ್ಟಬೇಕಿತ್ತು."

ಅತ್ತೆ ನಗಲಿಲ್ಲ. ಪೊರೆ ಬಂದ ಕಣ್ಣುಗಳನ್ನು ಸೊಸೆಯ ದನಿ ಬಂದ ಕಡೆ ತಿರುಗಿಸಿ, "ಅವಳೂ ಹೀಗೇ ನಕ್ಕಿದ್ಲು," ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಒಳಕ್ಕೆ ಹೋದರು.

ಅವಳು ಎಂದರೆ ಈ ಮನೆಯ ಮೊದಲ ಸೊಸೆ, ಗುಬ್ಬಿಯ ಹೆತ್ತಮ್ಮ. ಸತ್ತು ಆರು ವರ್ಷವಾಗಿತ್ತು. ಟ್ರಂಕು ಅವಳದು, ಅದರೊಳಗೆ ಅರ್ಧಕ್ಕೆ ನಿಂತ ಹೊಲಿಗೆಗಳೂ ಅವಳವು. ಈಗ ಅವಳ ಜಾಗಕ್ಕೆ ಬಂದವಳನ್ನು ಗಾರ್ಮೆಂಟ್ಸಿನಲ್ಲಿ ಎಲ್ಲರೂ ಪೆಂಡಿಂಗಮ್ಮ ಎನ್ನುತ್ತಿದ್ದರು. ಚೆಕಿಂಗ್ ಟೇಬಲ್ಲಿನ ಮೇಲೆ ಒಂದೇ ಒಂದು ಪೀಸು ಬಾಕಿ ಉಳಿದರೂ ಅವಳಿಗೆ ಊಟ ಸೇರುತ್ತಿರಲಿಲ್ಲ; ಪಕ್ಕದವಳ ಪ್ರಾಣ ತಿಂದಾದರೂ ಮುಗಿಸುತ್ತಿದ್ದಳು. ಮದುವೆಯಾಗಿ ಬಂದು ತಿಂಗಳಾಗಿತ್ತು. ಗಂಡ ಲಾರಿ ಡ್ರೈವರು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವ ನೆಂಟ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಏಳು ವರ್ಷದ ಗುಬ್ಬಿ.

ಈ ಗುಬ್ಬಿಯೇ ಅವಳ ದೊಡ್ಡ ಪೆಂಡಿಂಗು. ಜಡೆ ಹಾಕಿಸಿಕೊಳ್ಳುತ್ತಿದ್ದಳು, ತುತ್ತು ಮಾಡಿಕೊಟ್ಟರೆ ತಿನ್ನುತ್ತಿದ್ದಳು, ಆದರೆ ಅಮ್ಮ ಎನ್ನುತ್ತಿರಲಿಲ್ಲ. ಬೇಕಾದಾಗ ಸುಮ್ಮನೆ ಸೆರಗು ಜಗ್ಗುತ್ತಿದ್ದಳು. ಆ ಒಂದು ಮಾತಿಗಾಗಿ ಪೆಂಡಿಂಗಮ್ಮ ಒಳಗೊಳಗೇ ಹಂಬಲಿಸುತ್ತಿದ್ದಳು. ಗುಬ್ಬಿಗೆ ಪ್ರಾಣವೆಂದರೆ ಅಜ್ಜಿ. ಅಜ್ಜಿಗೆ ಸೂಜಿಯ ಕಣ್ಣು ಕಾಣದಾದಾಗಿನಿಂದ ದಾರ ಪೋಣಿಸುವುದು ಗುಬ್ಬಿಯ ಕೆಲಸ. ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಒಂದೇ ಏಟಿಗೆ ತೂರಿಸಿಬಿಡುತ್ತಿದ್ದಳು. ದಾರವನ್ನು ಮಾತ್ರ ಎಂದೂ ಕತ್ತರಿಸುತ್ತಿರಲಿಲ್ಲ. ಸೂಜಿಯ ಹಿಂದೆ ಇಡೀ ರೀಲು ಉರುಳಿಕೊಂಡು ಬರುತ್ತಿತ್ತು. "ಕತ್ತರಿಸಿ ಕೊಡೇ ಕತ್ತೆ," ಎಂದು ಅಜ್ಜಿ ದಿನಾ ಬೈಯುತ್ತಿದ್ದರು, ಗುಬ್ಬಿ ದಿನಾ ನಗುತ್ತಿದ್ದಳು.

ದಿನಕ್ಕೊಂದರಂತೆ ಟ್ರಂಕು ಖಾಲಿಯಾಗತೊಡಗಿತು. ಹುಕ್ಕಿಲ್ಲದ ರವಿಕೆಗೆ ಹುಕ್ಕು ಬಿತ್ತು. ಮೂರೇ ಬದಿ ಹೊಲಿದಿದ್ದ ದಿಂಬಿನ ಚೀಲಕ್ಕೆ ನಾಲ್ಕನೆಯ ಬದಿ ಕೂಡಿತು. ಒಂಟಿ ತೋಳಿನ ಪುಟ್ಟ ಫ್ರಾಕಿಗೆ ಇನ್ನೊಂದು ತೋಳು ಬಂದು ಅದು ಗುಬ್ಬಿಯ ಗೊಂಬೆಯ ಪಾಲಾಯಿತು. ಎಂಟನೆಯ ದಿನ ತಳದಲ್ಲಿ ಕೌದಿಯೊಂದೇ ಉಳಿಯಿತು.

ಹಳೆ ಸೀರೆಯ ತುಂಡುಗಳನ್ನು ಪದರ ಪದರವಾಗಿ ಹರಡಿದ ಮಗುವಿನ ಕೌದಿ. ಅಂಚಿನಗುಂಟ ಒಂದೇ ಒಂದು ಸುತ್ತು ಹೊಲಿಗೆ ಬಿದ್ದಿತ್ತು. ಅಲ್ಲಿಂದ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ನಡುವಿಗೆ ಬಂದು ಮುಟ್ಟಿದರೆ ಕೌದಿ ಮುಗಿದ ಹಾಗೆ. ಮೂಲೆಯಲ್ಲಿ ಒಂದು ದಪ್ಪ ಸೂಜಿ ದಾರವಿಲ್ಲದೆ ಚುಚ್ಚಿಕೊಂಡಿತ್ತು. ಆರು ವರ್ಷ ಮುಚ್ಚಿಟ್ಟ ಬಟ್ಟೆ ಎಂದ ಮೇಲೆ ನುಸಿಗುಳಿಗೆಯ ವಾಸನೆ ಬರಬೇಕಿತ್ತು. ಇದರಿಂದ ಬಂದದ್ದು ಜ್ವರ ಹಿಡಿದು ಮಲಗಿದವರ ಬಾಯಿಯ ವಾಸನೆ.

"ಅದು ನನ್ನಮ್ಮ ನನಗೆ ಅಂತ ಹೊಲೀತಿದ್ದಿದ್ದು," ಗುಬ್ಬಿ ಬಾಗಿಲಲ್ಲಿ ನಿಂತು ಹೇಳಿದಳು. "ಮುಗೀಲೇ ಇಲ್ಲ."

"ನಾನು ಮುಗಿಸಿ ಕೊಡ್ಲಾ?"

ಗುಬ್ಬಿ ಮೊದಲ ಸಲ ಅವಳ ಮುಖ ನೋಡಿ ನಕ್ಕಳು. ಅಷ್ಟೇ ಸಾಕಾಯಿತು.

ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಹೊಲಿಗೆ ಮೆಷಿನ್ನಿನ ಡಬ್ಬಿಯಲ್ಲಿ ಕೆಂಪು ದಾರ ಉಳಿದಿದ್ದ ಬಾಬಿನ್ ಒಂದು ಸಿಕ್ಕಿತು. ಮತ್ತೆ ಮತ್ತೆ ಗಂಟು ಹಾಕುವ ರಗಳೆ ಯಾಕೆಂದು ಪೆಂಡಿಂಗಮ್ಮ ದಾರವನ್ನು ಕತ್ತರಿಸಲಿಲ್ಲ. ತುದಿಯನ್ನು ತುಟಿಗಳ ನಡುವೆ ಎಳೆದಳು. ಹನ್ನೆರಡು ವರ್ಷದ ಅಭ್ಯಾಸ. ದಾರ ನಾಲಿಗೆಯ ಮೇಲೆ ಒಂದು ಕ್ಷಣ ಅಂಟಿಕೊಂಡಿತು, ಆ ತುದಿಯಿಂದ ಯಾರೋ ಚೀಪಿದ ಹಾಗೆ. ಛೆ, ಅತ್ತೆಯ ಮಾತು ತಲೆಯಲ್ಲಿ ಕೂತಿದೆ ಅಷ್ಟೆ, ಎಂದುಕೊಂಡು ಪೋಣಿಸಿದಳು. ಅರ್ಧ ಸುತ್ತು ಹಾಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಅವಳು ಎದ್ದು ಹೋದಳು. ಬಂದು ನೋಡಿದಾಗ ಎರಡು ಸುತ್ತು ಮುಗಿದಿತ್ತು.

ತಾನೇ ಹಾಕಿರಬೇಕು, ಮರೆತಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಸಂಜೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮಾರನೆಯ ದಿನ ಚೊಂಬುಗಟ್ಟಲೆ ನೀರು ಕುಡಿದಳು. ಮೂರನೆಯ ದಿನ ನಾಲಿಗೆ ಬಾಯೊಳಗೆ ಹೊರಳಿದಾಗ ಬಟ್ಟೆ ಉಜ್ಜಿದ ಸದ್ದಾಯಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎಂಜಲೇ ಊರುತ್ತಿಲ್ಲವಲ್ಲ ಎಂದು ಅಚ್ಚರಿಪಟ್ಟು ಗುಳಿಗೆ ಬರೆದರು. ಗುಳಿಗೆ ನುಂಗಲು ಬಾಯಲ್ಲಿ ತೇವವಿರಲಿಲ್ಲ.

ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ಅವಳು ಅದನ್ನು ಕಣ್ಣಾರೆ ಕಂಡಳು. ಕಿಟಕಿಯ ಬಿಸಿಲು ಕೌದಿಯ ಮೇಲೆ ಬಿದ್ದಿತ್ತು. ಸೂಜಿ ಬಟ್ಟೆಯೊಳಗೆ ಮುಳುಗಿತು. ಎದ್ದಿತು. ಮತ್ತೆ ಮುಳುಗಿತು. ಟಕ್ ಎಂದು ಚುಚ್ಚುವ ಸದ್ದು, ಸರ್ರೆಂದು ದಾರ ಎಳೆಯುವ ಸದ್ದು. ಯಾವ ಕೈಯೂ ಇರಲಿಲ್ಲ. ಅವಳು ಕತ್ತರಿ ತಂದು ಕೆಂಪು ದಾರಕ್ಕೆ ಹಾಕಿದಳು. ದಾರ ತುಂಡಾಗಲಿಲ್ಲ. ಅವಳ ನಾಲಿಗೆ ಸೀಳಿ ರಕ್ತ ಬಂತು.

ರಕ್ತ ಒರೆಸುತ್ತ ಅತ್ತೆ ಎಲ್ಲವನ್ನೂ ಹೇಳಿದರು. "ಪಕ್ಕದ ಬೀದೀಲಿ ಒಬ್ಬ ಹೊಲಿಗೆಯವಳಿದ್ಲು. ಮೂರು ಮಕ್ಕಳೂ ತೊಟ್ಟಿಲಲ್ಲೇ ಹೋದ್ವು. ಗುಬ್ಬಿಗೆ ವರ್ಷ ತುಂಬಿದಾಗ ಇದನ್ನ ತಂದು ಅವಳಮ್ಮನಿಗೆ ಕೊಟ್ಲು. ಒಂದು ಸುತ್ತು ನಾನು ಹಾಕಿದೀನಿ, ಮಿಕ್ಕಿದ್ದು ನೀನು ಹಾಕು ಅಂದ್ಲು. ಬೆಳಗಾಗೋದ್ರೊಳಗೆ ಊರು ಬಿಟ್ಟಿದ್ಲು."

"ಸುಡ್ಬೇಕಿತ್ತು," ಎಂದಳು ಪೆಂಡಿಂಗಮ್ಮ. ದನಿ ತರಗೆಲೆಯಂತೆ ಪುಡಿಯಾಗುತ್ತಿತ್ತು.

"ಸುಡೋಕೆ ಹೋದೆ. ಗುಬ್ಬಿ ಅಮ್ಮನ ಮೈಯೆಲ್ಲ ಬೊಬ್ಬೆ ಬಂತು. ನಡುವಿನ ಹೊಲಿಗೆ ಬಿದ್ದ ದಿನ ಅವಳು ಹೋದ್ಲು. ಆಗ ಎಲ್ಲ ಹೊಲಿಗೆ ತಾನೇ ಬಿಚ್ಕೊಂಡು, ಮೊದಲನೇ ಸುತ್ತು ಮಾತ್ರ ಉಳೀತು. ಗುಬ್ಬಿ ಹೆಸರಲ್ಲಿ ಶುರುವಾದ ಬಟ್ಟೆ, ಸುಟ್ರೆ ಮಗೂಗೇನಾದ್ರೂ ಆದ್ರೆ ಅಂತ ಹೆದರಿ ಟ್ರಂಕಲ್ಲಿಟ್ಟೆ." ಅತ್ತೆ ಬಟ್ಟೆಯನ್ನು ಇನ್ನೊಮ್ಮೆ ಅವಳ ತುಟಿಗೆ ಒತ್ತಿದರು. "ಒಂದೇ ದಾರಿ ಇದೆ. ದಾರ ಮುಗಿದು ಸೂಜಿ ಬರಿದಾದಾಗ ಬೇರೆಯವರು ಬಾಯಲ್ಲಿ ಒದ್ದೆ ಮಾಡಿ ಪೋಣಿಸಿದ್ರೆ, ಅದು ಅವರ ಪಾಲಾಗುತ್ತೆ. ಬರಿದಾಗೇ ಬಿಟ್ರೆ ಬಾಯಿಗೆ ತೇವ ಬರಲ್ಲ, ಒಣಗೇ ಸಾಯಬೇಕು. ಅವಳ ದಾರ ಮುಗಿದಾಗ ನಾನು ಹಾಕ್ತೀನಿ ಅಂದೆ. ಬಿಡಲಿಲ್ಲ, ಕಿತ್ಕೊಂಡು ತಾನೇ ಹಾಕ್ಕೊಂಡ್ಲು. ಈ ಸಲ ನಿನ್ನ ಮಾತು ಕೇಳಲ್ಲ. ನನ್ನದು ಮುಗಿದ ಬಾಳು. ಗುಬ್ಬಿಗೆ ನೀನು ಬೇಕು."

ಪೆಂಡಿಂಗಮ್ಮ ಬೇಡವೆಂದು ತಲೆಯಾಡಿಸಿದಳು. ಬಾಯಿಂದ ಮಾತು ಹೊರಡಲಿಲ್ಲ. ಅಂದಿನಿಂದ ದನಿ ಪೂರ್ತಿ ನಿಂತುಹೋಯಿತು.

ಸೂಜಿ ನಿಲ್ಲಲಿಲ್ಲ. ಅನ್ನ ಬೇಯುವಾಗ, ಗುಬ್ಬಿ ಮಗ್ಗಿ ಹೇಳುವಾಗ, ಮನೆಯಲ್ಲಿ ಎಲ್ಲರೂ ಸುಮ್ಮನಿದ್ದಾಗ, ಟಕ್, ಸರ್ರ್. ಬಾಕಿ ಕೆಲಸ ಮುಗಿಯುವುದನ್ನು ನೋಡಿ ಹಿಗ್ಗುತ್ತಿದ್ದವಳು ಈಗ ಮಂಚದಲ್ಲಿ ಮಲಗಿ ಒಂದೊಂದು ಹೊಲಿಗೆಗೂ ನಡುಗುತ್ತಿದ್ದಳು. ತುಟಿಗಳು ಒಣಗಿ ಒಂದಕ್ಕೊಂದು ಅಂಟಿದ್ದವು. ಕಾಲಲ್ಲಿ ಬಲವಿರಲಿಲ್ಲ. ಗಂಡನಿಗೆ ಹೇಳಿ ಕಳಿಸಿದ್ದರು, ಅವನು ದಾರಿಯಲ್ಲಿದ್ದ. ಕೌದಿಯ ನಡುವೆ ಅಂಗೈ ಅಗಲದ ಜಾಗ ಉಳಿದಾಗ ಬಾಬಿನ್ ಟಣ್ಣೆಂದು ನೆಲಕ್ಕೆ ಬಿತ್ತು. ದಾರ ಮುಗಿದಿತ್ತು.

ಆಗ ಬೆಳಗಿನ ಹತ್ತು ಗಂಟೆ. ಅತ್ತೆ ಗುಬ್ಬಿಯನ್ನು ಹೊರಗೆ ಆಡಿಕೋ ಎಂದು ಕಳಿಸಿ, ಅಂಗಡಿಯಿಂದ ತರಿಸಿಟ್ಟಿದ್ದ ಹೊಸ ರೀಲು ಹಿಡಿದು ಕೂತರು. ದಾರವನ್ನು ಬಾಯಲ್ಲಿಟ್ಟರು. ಸೂಜಿಯ ಕಡೆ ತಂದರು. ತಪ್ಪಿತು. ಮತ್ತೆ ತಂದರು. ಬೆರಳಿಗೆ ಚುಚ್ಚಿಕೊಂಡಿತು. ಪೊರೆ ಬಂದ ಕಣ್ಣಿಗೆ ಸೂಜಿಯೇ ಕಾಣುತ್ತಿರಲಿಲ್ಲ, ಇನ್ನು ಅದರ ಕಣ್ಣು ಎಲ್ಲಿಯದು. ಮಂಚದ ಮೇಲಿದ್ದವಳು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಳು, ಅದೂ ಅವರಿಗೆ ಕಾಣುತ್ತಿರಲಿಲ್ಲ. ಕೊನೆಗೆ ಅತ್ತೆ ಸೂಜಿ, ರೀಲು ಎರಡನ್ನೂ ಕೌದಿಯ ಮೇಲಿಟ್ಟು, "ಕನ್ನಡಕ ತರ್ತೀನಿ ಇರು," ಎಂದು ಗೋಡೆ ತಡವುತ್ತ ಒಳಗೆ ಹೋದರು.

ಬಾಗಿಲು ಕಿರುಗುಟ್ಟಿತು.

ಗುಬ್ಬಿ. ಕಂಕುಳಲ್ಲಿ ಗೊಂಬೆ. ಕೌದಿಯ ಮೇಲಿನ ಸೂಜಿ ಕಂಡಿತು. ರೀಲು ಕಂಡಿತು. ಅಜ್ಜಿಯ ಎಂಜಲಿನಲ್ಲಿ ನೆನೆದ ದಾರದ ತುದಿ ಕಂಡಿತು.

"ಅಜ್ಜೀ, ನಾನಿರುವಾಗ ನೀನ್ಯಾಕೆ ಒದ್ದಾಡ್ತೀಯ?"

ಪೆಂಡಿಂಗಮ್ಮ ಬಾಯಿ ತೆರೆಯಲು ನೋಡಿದಳು. ತುಟಿಯ ಚರ್ಮ ಕಿತ್ತು ಬಂತು. ಸದ್ದು ಬರಲಿಲ್ಲ. ಮಂಚದ ಕಟ್ಟಿಗೆ ಕೈಯಿಂದ ಬಡಿದಳು. ಬಡಿದೇ ಬಡಿದಳು. ಗುಬ್ಬಿ ತಿರುಗಿ ನೋಡಿದಳು. ತನ್ನನ್ನು ನೋಡಿ ಖುಷಿಯಾಗಿದ್ದಾಳೆ ಎಂದುಕೊಂಡು ಹಲ್ಲು ಬಿಟ್ಟಳು. ದಾರ ಎತ್ತಿಕೊಂಡಳು. ಪೆಂಡಿಂಗಮ್ಮ ಮಂಚದಿಂದ ಉರುಳಿ ಬಿದ್ದಳು. ತೆವಳಿದಳು. ಎರಡು ಮಾರು ದೂರ. ಒಂದು ಮಾರು. ಗುಬ್ಬಿಯ ನಾಲಿಗೆ ಹೊರಬಂತು. ದಾರಕ್ಕೆ ತಾಗಿತು. ಒಂದು ಕಣ್ಣು ಮುಚ್ಚಿತು. ಪೆಂಡಿಂಗಮ್ಮ ಕೈ ಚಾಚಿದಳು. ಗುಬ್ಬಿಯ ಲಂಗದ ಅಂಚು ಬೆರಳಿಗೆ ಸಿಕ್ಕಿತು.

ಒಂದೇ ಏಟಿಗೆ ದಾರ ತೂರಿತು.

ಕೆಂಪು ಹೊಲಿಗೆಗಳೆಲ್ಲ ಸರಸರನೆ ಬಿಚ್ಚಿಕೊಂಡು ನೆಲದ ಮೇಲೆ ಗುಡ್ಡೆಯಾದವು. ಪೆಂಡಿಂಗಮ್ಮನ ಬಾಯಲ್ಲಿ ನೀರೂರಿತು. ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ, ತುಂಬಿ ತುಟಿಯಿಂದ ಹರಿಯುವಷ್ಟು ಊರಿತು. ಎಷ್ಟೋ ದಿನಗಳ ಮೇಲೆ ನುಂಗಿದ ಆ ಮೊದಲ ಗುಟುಕು ಸಿಹಿಯಾಗಿತ್ತು. ಹಾಗೆನಿಸಿದ್ದಕ್ಕೆ ಅವಳು ಅಸಹ್ಯಪಟ್ಟು ಚೀರಿದಳು. ದನಿ ಬಂದಿತ್ತು.

ಅತ್ತೆ ಕನ್ನಡಕ ಹಿಡಿದು ಬಂದು ನಿಂತರು. "ಏನಾಯ್ತು? ಯಾರು? ಗುಬ್ಬೀನಾ?" ಅವರು ಬಾಗಿ ತಡವಿದರು. ಸೂಜಿ ಸಿಕ್ಕಿತು, ಸೂಜಿಯಲ್ಲಿ ದಾರ ಸಿಕ್ಕಿತು. ದಾರದಗುಂಟ ಬೆರಳಾಡಿಸುತ್ತ ಹೋದರೆ ಅದರ ಕೊನೆಯಲ್ಲಿ ತುಂಬಿದ ರೀಲು ಸಿಕ್ಕಿತು.

ಗುಬ್ಬಿ ದಾರ ಕತ್ತರಿಸಿರಲಿಲ್ಲ. ದಾರದ ಲೆಕ್ಕವನ್ನು ಪೆಂಡಿಂಗಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೀಲಿನ ಚೀಟಿಯ ಮೇಲೆ ಐನೂರು ಮೀಟರು ಎಂದಿತ್ತು. ಈ ಪುಟ್ಟ ಕೌದಿಗೆ ಅದರ ಕಾಲು ಭಾಗವೇ ಹೆಚ್ಚು. ದಾರ ಮುಗಿಯುವುದಿಲ್ಲ, ಸೂಜಿ ಬರಿದಾಗುವುದಿಲ್ಲ. ಕತ್ತರಿ ಎಳೆದುಕೊಂಡು ತೊಡೆಯ ಮೇಲಿಟ್ಟು ಅವಳು ಗುಬ್ಬಿಯ ಪುಟ್ಟ ನಾಲಿಗೆಯನ್ನು ನೆನೆದಳು. ಕತ್ತರಿ ಅಲ್ಲೇ ಉಳಿಯಿತು.

ಟಕ್. ನೆಲದ ಮೇಲೆ ರೀಲು ಅರ್ಧ ಸುತ್ತು ಉರುಳಿತು.

ಗುಬ್ಬಿ ಗೊಂಬೆಯನ್ನು ಕೆಳಗಿಟ್ಟು ಬಂದು ಅವಳ ಸೆರಗು ಜಗ್ಗಿದಳು. ತುಟಿ ಸವರಿಕೊಂಡಳು.

"ಅಮ್ಮ," ಎಂದಳು. "ಬಾಯಿ ಒಣಗ್ತಿದೆ. ನೀರು ಕೊಡಮ್ಮ."